ಮೌನವ್ರತವೂ ಧೈರ್ಯವಚನವೂ
(ಶ್ರೀಮಠದ ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಉತ್ಸವದ ಅಂಗವಾಗಿ ಏರ್ಪಟ್ಟಿರುವ ಧರ್ಮಗೋಷ್ಠಿಯಲ್ಲಿ ಅನ್ಯಮತಗಳ ಸಾಧನಕ್ರಮಗಳನ್ನು ಕುರಿತು ಒಂದೊಂದು ಉಪನ್ಯಾಸವಾಗಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದರು. ಅದರಲ್ಲಿ ಕ್ರೈಸ್ತಮತದ ಭಾಗವು ನನ್ನ ಪಾಲಿಗೆ ಬಂದಿರುವುದು. ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಪಾಠ ಹೇಳುವವನಿಗೆ ಇದು ಪರರ ಹೊಲದಲ್ಲಿ ಕಾಲಿಟ್ಟಂತೆ ಎಂದು ಕೆಲವರಿಗೆ ತೋರಬಹುದು. ಆದರೆ ಆ ಮತದವರು ನಮ್ಮ ಹೊಲಕ್ಕೆ ಬಂದು ದುಡಿದವರೇ ಸರಿ. 19ನೆಯ ಶತಮಾನದ ನಡುಗಾಲದಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಯು ಬಸವಪುರಾಣವೇ ಮೊದಲಾದ ಕನ್ನಡ ಗ್ರಂಥಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲನು ರಚಿಸಿ 1894ರಲ್ಲಿ ಪ್ರಕಟವಾದ ನಿಘಂಟು ಇಂದಿಗೂ ನಮ್ಮ ಪಾಠಶಾಲೆಯ ಕಪಾಟಿನಲ್ಲಿ ಉಂಟು. ಅವರ ಉದ್ದೇಶವು ಸ್ವಮತಪ್ರಸಾರವೆಂಬುದು ನಿಜ. ಆದರೂ ಅವರು ನಮ್ಮ ಗ್ರಂಥಗಳನ್ನು ಶ್ರಮಪಟ್ಟು ಓದಿದರು. ಅವರ ಸಾಧಕರ ಜೀವನವನ್ನು ನಾವು ಆದರದಿಂದ ಓದಿ ತಿಳಿಯುವುದು ಋಣಸಂದಾಯವೆಂದೇ ನಾನು ಭಾವಿಸುತ್ತೇನೆ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಕ್ರೈಸ್ತಮತವೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಜಾತ್ರೆಯ ಬಯಲಿನಲ್ಲಿ ಪುಸ್ತಕ ಹಿಡಿದು ಉಪದೇಶಿಸುವ ಬೋಧಕನ ಚಿತ್ರ. ಅದು ಬಾಯಿಯ ಮತ, ಪ್ರಸಂಗದ ಮತ ಎಂದು ನಾವು ತಿಳಿದಿರುತ್ತೇವೆ. ಆದರೆ ಅದೇ ಮತದೊಳಗೆ ಸಾವಿರದ ಆರುನೂರು ವರ್ಷಗಳಿಗಿಂತಲೂ ಹಿಂದಿನಿಂದ ಮೌನದ ಒಂದು ಮಾರ್ಗವು ಹರಿದುಬಂದಿದೆ. ಆ ಮಾರ್ಗದಲ್ಲಿ ನಡೆದ ಅನುಭವಿಗಳು ಬರಿಯ ಮೌನವೇ ಪೂರ್ಣವೆಂದು ಹೇಳಲಿಲ್ಲವೆಂಬುದು ವಿಶೇಷ. ಕುಗ್ಗಿದವನನ್ನು ಎತ್ತಿ ನಿಲ್ಲಿಸುವ ಧೈರ್ಯವಚನವು ಮೌನದ ಇನ್ನೊಂದು ಅರ್ಧವೆಂದು ಅವರು ಕಂಡುಕೊಂಡರು. ಮೌನದಲ್ಲಿ ತೊಳೆಯದ ಮಾತು ಹೊಲಸು. ಮಾತಾಗಿ ಪರರಿಗೆ ಒದಗದ ಮೌನವು ಬಂಜೆ. ಇದೇ ನಾನು ಇಂದು ನಿಮ್ಮಲ್ಲಿ ಅರಿಕೆ ಮಾಡಬೇಕೆಂದಿರುವ ಒಂದೇ ಮಾತು.

ಮೊದಲು ಎರಡು ಶಬ್ದಗಳ ಅರ್ಥವನ್ನು ನೋಡೋಣ. ಮುನಿಯ ಭಾವವೇ ಮೌನ ಎಂದು ನಮ್ಮ ವೈಯಾಕರಣರು ವ್ಯುತ್ಪತ್ತಿ ಹೇಳುವರು. ಮನನಶೀಲನಾದವನು ಮುನಿ. ಆದಕಾರಣ ತುಟಿ ಮುಚ್ಚಿದ ಮಾತ್ರಕ್ಕೆ ಮೌನವಾಗದು. ಒಳಗೆ ಮನನವಿದ್ದರೆ ಮಾತ್ರ ಅದು ಮೌನ. ಇನ್ನು ಧೈರ್ಯವಚನಕ್ಕೆ ಕ್ರೈಸ್ತರ ಮೂಲಗ್ರಂಥದ ಗ್ರೀಕ್ ಭಾಷೆಯಲ್ಲಿ ಪರಾಕ್ಲೇಸಿಸ್ ಎಂಬ ಶಬ್ದವಿರುವುದು. ಪಕ್ಕಕ್ಕೆ ಕರೆಯುವುದು ಎಂಬುದು ಅದರ ಅವಯವಾರ್ಥ. ಸಾಂತ್ವನ, ಪ್ರೋತ್ಸಾಹ, ಪ್ರಬೋಧ ಎಂಬ ಮೂರು ಅರ್ಥಗಳೂ ಅದರಲ್ಲಿ ಕೂಡಿಕೊಂಡಿವೆ. ಮೇಲೆ ನಿಂತು ಹೇಳುವ ಉಪದೇಶಕ್ಕೂ ಪಕ್ಕದಲ್ಲಿ ಕುಳಿತು ಹೇಳುವ ಮಾತಿಗೂ ಇರುವ ಅಂತರವು ಈ ಒಂದು ಶಬ್ದದಿಂದಲೇ ತಿಳಿಯುವುದು. ತಮ್ಮ ಪವಿತ್ರಾತ್ಮನಿಗೂ ಕ್ರೈಸ್ತರು ಇದೇ ಧಾತುವಿನಿಂದ ಪರಾಕ್ಲೇತನೆಂಬ ಹೆಸರನ್ನು ಇಟ್ಟಿರುವರು.

ಈ ಎರಡೂ ಅವರ ಶಾಸ್ತ್ರದಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಯೋಬನ ಕಥೆಯು ಒಳ್ಳೆಯ ನಿದರ್ಶನ. ಇದು ಯೆಹೂದ್ಯರಿಗೂ ಕ್ರೈಸ್ತರಿಗೂ ಸಮಾನವಾದ ಗ್ರಂಥ. ನೀತಿವಂತನಾದ ಯೋಬನು ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತಿದ್ದನು. ಅವನನ್ನು ಸಂತೈಸಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಮಿತ್ರರು ಬಂದರು. ಅವನ ದುಃಖವು ಬಹಳವಾಗಿರುವುದನ್ನು ಕಂಡು ಏಳು ಹಗಲು ಏಳು ಇರುಳು ಒಂದು ಮಾತನ್ನೂ ಆಡದೆ ಅವನ ಸಂಗಡ ನೆಲದ ಮೇಲೆ ಕುಳಿತರು. ಆ ಏಳು ದಿನಗಳು ಅವರ ಸ್ನೇಹದ ಅತ್ಯುತ್ತಮ ದಿನಗಳಾಗಿದ್ದುವು. ಎಂಟನೆಯ ದಿನದಿಂದ ಅವರು ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಬೇಕೆಂದು ತರ್ಕಿಸಲಾರಂಭಿಸಿದರು. ಅವರ ತರ್ಕದಲ್ಲಿ ಶಾಸ್ತ್ರವಿತ್ತು, ಪಾಂಡಿತ್ಯವಿತ್ತು. ಆದರೆ ಮಿತ್ರನ ಗಾಯಕ್ಕೆ ಅದು ಉಪ್ಪಾಯಿತು. ಕಥೆಯ ಕೊನೆಯಲ್ಲಿ ಭಗವಂತನು ಗದರಿಸಿದುದು ನೊಂದು ಕೂಗಿದ ಯೋಬನ ಮಿತ್ರರನ್ನು. ಅವರು ತನ್ನ ವಿಷಯದಲ್ಲಿ ಸರಿಯಾದುದನ್ನು ಆಡಲಿಲ್ಲವೆಂದು ಅವನ ಕೋಪ. ದುಃಖಿತನ ಮುಂದೆ ಯಾವಾಗ ಸುಮ್ಮನಿರಬೇಕು, ಯಾವ ಮಾತು ಅವನನ್ನು ಎತ್ತುವುದು, ಯಾವ ಮಾತು ತುಳಿಯುವುದು ಎಂಬ ವಿವೇಕವನ್ನು ಕಲಿಸಲು ಇದಕ್ಕಿಂತ ಮಿಗಿಲಾದ ಕಥೆ ವಿರಳ.

ಯೇಸುವಿನ ಚರಿತ್ರೆಯಲ್ಲಿಯೂ ಇದೇ ಕ್ರಮವನ್ನು ಕಾಣುವೆವು. ಬೋಧನೆಯನ್ನು ಆರಂಭಿಸುವುದಕ್ಕೆ ಮುಂಚೆ ಅವನು ನಲವತ್ತು ದಿನ ಅರಣ್ಯದಲ್ಲಿದ್ದನು. ವ್ಯಭಿಚಾರದಲ್ಲಿ ಸಿಕ್ಕಿದ ಹೆಂಗಸೊಬ್ಬಳನ್ನು ಕಲ್ಲೆಸೆದು ಕೊಲ್ಲಬೇಕೆಂದು ಶಾಸ್ತ್ರಿಗಳು ಅವನೆದುರಿಗೆ ತಂದು ನಿಲ್ಲಿಸಿದಾಗ ಅವನು ಕೂಡಲೇ ಉತ್ತರ ಕೊಡಲಿಲ್ಲ. ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆಯುತ್ತ ಸುಮ್ಮನಿದ್ದನು. ಆ ಮೌನದಲ್ಲಿ ಕೂಗುವವರ ಕೋಪಕ್ಕೆ ತಣಿಯಲು ಅವಕಾಶವಾಯಿತು. ಅನಂತರ ಅವನು ಆಡಿದುದು ಎರಡೋ ಮೂರೋ ವಾಕ್ಯಗಳು. ಆರೋಪಿಸಿದವರು ಹಿರಿಯರು ಮೊದಲಾಗಿ ಒಬ್ಬೊಬ್ಬರಾಗಿ ಹೊರಟುಹೋದರು. ಆ ಹೆಂಗಸು ದಂಡನೆಯಿಲ್ಲದೆ, ಇನ್ನು ಮುಂದೆ ಸರಿಯಾಗಿ ಬಾಳುವ ಅಪ್ಪಣೆಯೊಡನೆ ಮನೆಗೆ ಹೋದಳು. ಮೌನವು ಮಾತಿಗೆ ದಾರಿಮಾಡಿತು; ಮಾತು ಒಂದು ಜೀವವನ್ನು ಉಳಿಸಿತು.

ಯೇಸುವಿನ ಶಿಷ್ಯಪರಂಪರೆಯಲ್ಲಿ ಧೈರ್ಯವಚನದ ಮೂರ್ತಿಯೇ ಆಗಿದ್ದವನು ಬಾರ್ನಬನು. ಸೈಪ್ರಸ್ ದ್ವೀಪದ ಲೇವಿಯನಾದ ಇವನ ನಿಜವಾದ ಹೆಸರು ಯೋಸೇಫ. ಧೈರ್ಯದಾಯಕ ಪುತ್ರನೆಂಬ ಅರ್ಥದಿಂದ ಅಪೊಸ್ತಲರು ಇವನನ್ನು ಬಾರ್ನಬನೆಂದು ಕರೆದರು. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲನು ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಅವನನ್ನು ನಂಬುವವರೇ ಇರಲಿಲ್ಲ. ಎಲ್ಲರೂ ಭಯದಿಂದ ಹಿಂದೆಗೆದರು. ಬಾರ್ನಬನೊಬ್ಬನು ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡುಹೋಗಿ ಅವನ ಪರವಾಗಿ ಮಾತನಾಡಿದನು. ಆ ಸೌಲನೇ ಮುಂದೆ ಪೌಲನೆಂದು ಜಗತ್ಪ್ರಸಿದ್ಧನಾದವನು. ಮುಂದೊಮ್ಮೆ ಪ್ರವಾಸದ ನಡುವೆ ಬಿಟ್ಟುಹೋಗಿದ್ದ ಮಾರ್ಕನೆಂಬ ತರುಣನನ್ನು ಮತ್ತೆ ಸಂಗಡ ಕರೆದುಕೊಳ್ಳುವುದಕ್ಕೆ ಪೌಲನೇ ಒಪ್ಪದಿದ್ದಾಗ, ಬಾರ್ನಬನು ಪೌಲನನ್ನು ಅಗಲಿದರೂ ಅಗಲಿದನಲ್ಲದೆ ಆ ತರುಣನ ಕೈಬಿಡಲಿಲ್ಲ. ಪೌಲನ ಪತ್ರಗಳು ಹಲವು ಉಳಿದಿವೆ. ಬಾರ್ನಬನ ಕೈಯದೆಂದು ನಿಶ್ಚಯವಾಗಿ ಹೇಳಬಹುದಾದ ಒಂದು ಪತ್ರವೂ ಉಳಿದಿಲ್ಲ. ಆದರೆ ಅವನ ಒಂದು ಮಾತು ಇಲ್ಲದಿದ್ದರೆ ಪೌಲನಿಗೆ ಆ ಸಭೆಯ ಬಾಗಿಲು ತೆರೆಯುತ್ತಿರಲಿಲ್ಲ.

ಇನ್ನು ಮೌನವನ್ನೇ ಜೀವನಕ್ರಮವಾಗಿ ಮಾಡಿಕೊಂಡವರ ವಿಷಯ. ಕ್ರಿಸ್ತಶಕ 4ನೆಯ ಶತಮಾನದಲ್ಲಿ ಐಗುಪ್ತದೇಶದ ಮರುಭೂಮಿಯಲ್ಲಿ, ನೈಟ್ರಿಯ, ಸ್ಕೇಟಿಸ್ ಎಂಬ ಎಡೆಗಳಲ್ಲಿ, ನೂರಾರು ಮಂದಿ ವಿರಕ್ತರು ಗುಡಿಸಲು ಕಟ್ಟಿಕೊಂಡು ವಾಸಮಾಡುತ್ತಿದ್ದರು. ಬುಟ್ಟಿ ಹಗ್ಗಗಳನ್ನು ಹೆಣೆದು ಕಾಯಕದಿಂದ ಹೊಟ್ಟೆಹೊರೆಯುತ್ತ ಜಪಧ್ಯಾನಗಳಲ್ಲಿ ಕಾಲಕಳೆಯುವುದು ಅವರ ಕ್ರಮ. ಇವರಲ್ಲಿ ಅಗಾಥನನೆಂಬ ಹಿರಿಯನು ಮೌನವನ್ನು ಕಲಿಯುವವರೆಗೆ ಮೂರು ವರ್ಷಕಾಲ ಬಾಯಲ್ಲಿ ಒಂದು ಕಲ್ಲನ್ನು ಇಟ್ಟುಕೊಂಡಿದ್ದನೆಂದು ಹೇಳುವರು. ಚಕ್ರವರ್ತಿಯ ಮಕ್ಕಳಿಗೆ ಗುರುವಾಗಿದ್ದು ಅರಮನೆಯನ್ನು ಬಿಟ್ಟು ಬಂದ ಆರ್ಸೇನಿಯಸನು ಮಾತನಾಡಿ ಪಶ್ಚಾತ್ತಾಪಪಟ್ಟುದುಂಟು, ಸುಮ್ಮನಿದ್ದು ಪಶ್ಚಾತ್ತಾಪಪಟ್ಟುದಿಲ್ಲ ಎಂಬ ಭಾವವನ್ನು ವ್ಯಕ್ತಪಡಿಸಿದನು.

ಇಷ್ಟನ್ನೇ ಕೇಳಿದವರು ಈ ವಿರಕ್ತರು ಮಾತನ್ನೇ ದ್ವೇಷಿಸಿದರೆಂದು ತಿಳಿಯಬಹುದು. ಅದು ಸರಿಯಲ್ಲ. ಅವರಲ್ಲಿ ಪೋಯಿಮನ್ ಎಂಬ ಅನುಭವಿಯು ಈ ವಿಷಯದಲ್ಲಿ ಬಹು ಸೂಕ್ಷ್ಮವಾದ ನಿರ್ಣಯವನ್ನು ಕೊಟ್ಟಿರುವನು. ಬಾಯಿಮುಚ್ಚಿದ್ದರೂ ಮನಸ್ಸಿನಲ್ಲಿ ಪರರ ದೋಷವನ್ನು ಎಣಿಸುತ್ತಿರುವವನು ಎಡೆಬಿಡದ ವಾಚಾಳಿಯೆಂದೂ, ಬೆಳಗಿನಿಂದ ಬೈಗಿನವರೆಗೆ ಮಾತನಾಡುತ್ತಿದ್ದರೂ ಹಿತವಲ್ಲದುದನ್ನು ಆಡದವನು ನಿಜವಾದ ಮೌನಿಯೆಂದೂ ಅವನ ಅಭಿಪ್ರಾಯ. ಮೌನದ ಸ್ಥಾನವು ನಾಲಗೆಯಲ್ಲ, ಹೃದಯ ಎಂಬುದು ಇದರಿಂದ ಸಿದ್ಧವಾಯಿತು.

ಅದೇ ಮರುಭೂಮಿಯ ಮಕಾರಿಯಸನೆಂಬ ಮಹಾತ್ಮನ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ಕೇಳಬೇಕು. ಅವನು ಒಮ್ಮೆ ಸ್ಕೇಟಿಸಿನಿಂದ ನೈಟ್ರಿಯದ ಬೆಟ್ಟಕ್ಕೆ ಹೋಗುತ್ತಿದ್ದನು; ಶಿಷ್ಯನೊಬ್ಬನು ಸ್ವಲ್ಪ ಮುಂದಾಗಿ ನಡೆಯುತ್ತಿದ್ದನು. ಎದುರಿಗೆ ಅನ್ಯದೇವತೆಯ ಅರ್ಚಕನೊಬ್ಬನು ಮರದ ದಿಮ್ಮಿಯನ್ನು ಹೊತ್ತು ಅವಸರದಿಂದ ಬರುತ್ತಿದ್ದನು. ಶಿಷ್ಯನು ಅವನನ್ನು ಪಿಶಾಚಿಯೆಂದು ಕೂಗಿ ಹಳಿದನು. ಅರ್ಚಕನು ಸಿಟ್ಟಿನಿಂದ ಅವನನ್ನು ಹೊಡೆದು ಅರೆಜೀವಮಾಡಿ ಮುಂದೆ ಹೋದನು. ಹಿಂದೆ ಬರುತ್ತಿದ್ದ ಮಕಾರಿಯಸನು ಅದೇ ಅರ್ಚಕನನ್ನು ಕಂಡು, ಪಾಪ, ಬಹಳ ದಣಿದಿರುವೆಯಲ್ಲಾ ಎಂಬ ಕನಿಕರದಿಂದ ಕ್ಷೇಮಸಮಾಚಾರವನ್ನು ಕೇಳಿದನು. ಅರ್ಚಕನು ಆಶ್ಚರ್ಯದಿಂದ ನಿಂತು, ನನ್ನಲ್ಲಿ ಏನು ಒಳ್ಳೆಯದನ್ನು ಕಂಡು ಹೀಗೆ ಮಾತನಾಡಿಸಿದೆ ಎಂದು ವಿಚಾರಿಸಿ, ಕೊನೆಗೆ ಅವನ ಕಾಲನ್ನು ಹಿಡಿದುಕೊಂಡನು. ಇಬ್ಬರೂ ಕೂಡಿ ಪೆಟ್ಟುತಿಂದು ಬಿದ್ದಿದ್ದ ಶಿಷ್ಯನನ್ನು ಎತ್ತಿಕೊಂಡು ಹೋದರೆಂದು ಕಥೆ ಮುಗಿಯುವುದು. ದಾರಿ ಒಂದೇ, ಮನುಷ್ಯನೂ ಒಬ್ಬನೇ. ಕೆಟ್ಟ ಮಾತು ಅವನನ್ನು ಕೆಟ್ಟವನನ್ನಾಗಿ ಮಾಡಿತು. ಒಳ್ಳೆಯ ಮಾತು ಒಳ್ಳೆಯವನನ್ನಾಗಿ ಮಾಡಿತು. ಶಿಷ್ಯನಿಗೂ ಮೌನದ ಶಿಕ್ಷಣವಾಗಿದ್ದಿರಬೇಕು. ಆದರೆ ಗುರುವಿನ ಮೌನವು ಕರುಣೆಯಾಗಿ ಪಕ್ವವಾಗಿತ್ತು. ಶಿಷ್ಯನದು ಇನ್ನೂ ಕಾಯಿ.

ಮರುಭೂಮಿಯಲ್ಲಿ ಹೀಗೆ ಬಿಡಿಬಿಡಿಯಾಗಿದ್ದ ಅನುಭವವನ್ನು ಒಂದು ಮಠದ ಕಟ್ಟಳೆಯಾಗಿ ಮಾಡಿದವನು ಇಟಲಿಯ ನುರ್ಸಿಯಾ ಎಂಬ ಊರಿನ ಬೆನೆಡಿಕ್ಟನು. ಇವನು ಸುಮಾರು 480ರಲ್ಲಿ ಹುಟ್ಟಿ, ಮಾಂಟೆ ಕಸ್ಸಿನೋ ಎಂಬ ಬೆಟ್ಟದ ಮೇಲೆ ಮಠವನ್ನು ಕಟ್ಟಿಸಿದನು. ಇವನು ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಸಾವಿರದ ನಾನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಪಾಶ್ಚಾತ್ಯ ದೇಶಗಳ ಬಹುಸಂಖ್ಯೆಯ ಕ್ರೈಸ್ತಮಠಗಳು ಇದನ್ನು ಆಧಾರವಾಗಿಟ್ಟುಕೊಂಡು ನಡೆದುಬಂದಿವೆ. ಮಠದ ಆಡಳಿತವನ್ನು ಬಲ್ಲ ನಮ್ಮಂಥವರಿಗೆ ಇದನ್ನು ಓದುವುದರಲ್ಲಿ ಒಂದು ವಿಶೇಷ ಸಂತೋಷವುಂಟು. ಅಡಿಗೆಮನೆ, ಉಗ್ರಾಣ, ಅತಿಥಿ, ರೋಗಿ, ಬಾಗಿಲು ಕಾಯುವವನು, ಹುಡುಗರು, ಮುದುಕರು ಎಲ್ಲರೂ ಅದರಲ್ಲಿ ಬರುವರು.

ಅದರ 6ನೆಯ ಅಧ್ಯಾಯವು ಮೌನಕ್ಕೇ ಮೀಸಲಾಗಿದೆ. 38ನೆಯ ಅಧ್ಯಾಯದಂತೆ ಭೋಜನಕಾಲದಲ್ಲಿ ಒಬ್ಬನು ಗ್ರಂಥವನ್ನು ಓದುತ್ತಿರಬೇಕು. ಉಳಿದವರು ಸುಮ್ಮನೆ ಕೇಳುತ್ತಿರಬೇಕು. ಏನಾದರೂ ಬೇಕಾದರೆ ಸನ್ನೆಯಿಂದ ಬೇಡಬೇಕು. 42ನೆಯ ಅಧ್ಯಾಯದಂತೆ ರಾತ್ರಿಯ ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಯಾರೂ ಮಾತನಾಡಲಾಗದು, ಮೀರಿದವನಿಗೆ ಶಿಕ್ಷೆಯುಂಟು. ಆದರೆ ಅತಿಥಿ ಬಂದರೆ ಮಾತಿಗೆ ಅಪ್ಪಣೆ ಇದೆ. ಅತಿಥಿಯ ಮುಂದೆ ವ್ರತವು ತಲೆಬಾಗುವುದು.

ಇಂತು ಮೌನವನ್ನು ಬಿಗಿಯಾಗಿ ಕಟ್ಟಿದ ಅದೇ ಗ್ರಂಥದಲ್ಲಿ ಧೈರ್ಯವಚನಕ್ಕೆ ಇಟ್ಟಿರುವ ಸ್ಥಾನಗಳನ್ನು ನೋಡಿರಿ. ಉಗ್ರಾಣದ ಅಧಿಕಾರಿಯು, ಬೇಡಿದುದನ್ನು ಕೊಡಲು ಏನೂ ಇಲ್ಲದಿದ್ದರೆ, ಕನಿಷ್ಠಪಕ್ಷ ಒಂದು ಒಳ್ಳೆಯ ಮಾತನ್ನಾದರೂ ಕೊಟ್ಟು ಕಳುಹಿಸಬೇಕೆಂದು 31ನೆಯ ಅಧ್ಯಾಯದಲ್ಲಿ ಕಟ್ಟಳೆಯಿದೆ. ತಪ್ಪುಮಾಡಿದ ಸಹೋದರನನ್ನು ಪಂಕ್ತಿಯಿಂದ ಹೊರಗಿಟ್ಟಾಗ ಅವನೊಡನೆ ಯಾರೂ ಮಾತನಾಡಬಾರದೆಂಬುದು ನಿಯಮ. ಆದರೆ 27ನೆಯ ಅಧ್ಯಾಯದಲ್ಲಿ, ಅವನು ದುಃಖಾತಿಶಯದಿಂದ ಕುಸಿದುಹೋಗದಂತೆ, ವಿವೇಕಿಗಳಾದ ಹಿರಿಯರನ್ನು ಗುಟ್ಟಾಗಿ ಅವನ ಬಳಿಗೆ ಕಳುಹಿಸಿ ಸಂತೈಸಬೇಕೆಂದು ಮಠಾಧಿಪತಿಗೆ ವಿಧಿಸಿದೆ. ದಂಡನೆಯನ್ನು ವಿಧಿಸಿದ ಕೈಯೇ ಹಿಂಬಾಗಿಲಿನಿಂದ ಔಷಧವನ್ನು ಕಳುಹಿಸುವುದು! ಆಳುವವರಿಗೆ ಇದಕ್ಕಿಂತ ಬೇರೆ ರಾಜನೀತಿ ಬೇಕಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು 22ನೆಯ ಅಧ್ಯಾಯದ ಕೊನೆಯ ಒಂದು ಚಿಕ್ಕ ಕಟ್ಟಳೆ. ರಾತ್ರಿಯ ಜಾವದಲ್ಲಿ ಸನ್ಯಾಸಿಗಳು ಎದ್ದು ಪ್ರಾರ್ಥನೆಗೆ ಹೋಗಬೇಕು. ಅದು ಮಹಾಮೌನದ ಸಮಯ. ನಿದ್ದೆಗಣ್ಣಿನವರು ನೆವ ಹೇಳಿಕೊಂಡು ಮಲಗಿಬಿಡುವುದು ಸಹಜ. ಆಗ ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಿಕೊಂಡು ಏಳಬೇಕೆಂದು ಬೆನೆಡಿಕ್ಟನು ಬರೆದಿರುವನು. ಬೈಯಬೇಕೆಂದು ಬರೆಯಲಿಲ್ಲ, ಹೆಸರು ಬರೆದುಕೊಳ್ಳಬೇಕೆಂದೂ ಬರೆಯಲಿಲ್ಲ. ಕತ್ತಲಲ್ಲಿ ಪಕ್ಕದ ಹಾಸಿಗೆಯವನ ಕಿವಿಯಲ್ಲಿ ಏಳಪ್ಪಾ ಎಂಬ ಒಂದು ಮೃದುವಾದ ಮಾತು! ಇಡೀ ರಾತ್ರಿಯ ಮೌನವು ಈ ಒಂದು ಮಾತಿಗೆ ದಾರಿಬಿಟ್ಟಿದೆ. ಮೌನವ್ರತದ ಮುಗುಳಿನಲ್ಲಿ ಧೈರ್ಯವಚನವು ಪರಿಮಳದಂತೆ ಅಡಗಿರುವುದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಮೌನದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾದವರೆಂದು ಹೆಸರಾದವರು ಕಾರ್ಥೂಸಿಯನ್ ಸಂನ್ಯಾಸಿಗಳು. 1084ರಲ್ಲಿ ಬ್ರೂನೋ ಎಂಬ ಮಹಾಪುರುಷನು ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ನಡುವೆ ಈ ಪಂಥವನ್ನು ಸ್ಥಾಪಿಸಿದನು. ಪ್ರತಿಯೊಬ್ಬನಿಗೂ ಬೇರೆಬೇರೆ ಕುಟೀರ. ಊಟವೂ ಬಹುಮಟ್ಟಿಗೆ ಒಂಟಿಯಾಗಿಯೇ. ಇಂಥವರು ಕೂಡ ವಾರಕ್ಕೊಮ್ಮೆ ಎಲ್ಲರೂ ಕೂಡಿ ಬೆಟ್ಟದ ದಾರಿಯಲ್ಲಿ ಬಹುದೂರ ನಡೆದುಹೋಗುವರು. ಆ ನಡಿಗೆಯಲ್ಲಿ ಇಬ್ಬಿಬ್ಬರಾಗಿ, ಜೊತೆಗಾರರನ್ನು ಬದಲಾಯಿಸಿಕೊಳ್ಳುತ್ತ, ಮನಬಿಚ್ಚಿ ಮಾತನಾಡುವರು. ವಾರವೆಲ್ಲ ಸುಮ್ಮನಿದ್ದವನಿಗೆ ಸಹೋದರನ ಮುಖವನ್ನು ನೋಡಿ ಕ್ಷೇಮವನ್ನು ಕೇಳುವುದೂ ವ್ರತದ ಒಂದು ಭಾಗವೇ ಆಗಿದೆ.

ಮಠಗಳನ್ನೇ ಒಪ್ಪದ ಕ್ರೈಸ್ತಪಂಥಗಳಲ್ಲಿಯೂ ಈ ಸಾಧನೆಯುಂಟು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ ಬೋಧನೆಯಿಂದ ಹುಟ್ಟಿದ ಕ್ವೇಕರ್ ಪಂಥದವರ ಪೂರ್ವಪದ್ಧತಿಯ ಸಭೆಯಲ್ಲಿ ಪುರೋಹಿತನಿಲ್ಲ, ನಿಯತವಾದ ಸ್ತೋತ್ರವಿಲ್ಲ. ಎಲ್ಲರೂ ಸುಮ್ಮನೆ ಕುಳಿತಿರುವರು. ಯಾರಿಗಾದರೂ ಒಳಗಿನಿಂದ ದೈವಪ್ರೇರಣೆಯಾದರೆ ಎದ್ದು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುವರು. ಅಮೆರಿಕೆಯ ನ್ಯೂಜೆರ್ಸಿ ಪ್ರಾಂತದ ದರ್ಜಿಯಾದ ಜಾನ್ ವುಲ್ಮನ್ ಎಂಬವನು ಈ ಪಂಥದಲ್ಲಿ 1720ರಲ್ಲಿ ಹುಟ್ಟಿದನು. ತಾರುಣ್ಯದಲ್ಲಿ ಒಮ್ಮೆ ಸಭೆಯಲ್ಲಿ ಎದ್ದು ಮಾತನಾಡುವಾಗ ಪ್ರೇರಣೆಯಾದುದಕ್ಕಿಂತ ಹೆಚ್ಚು ಆಡಿಬಿಟ್ಟೆನೆಂದು ಅವನಿಗೆ ತೋರಿತು. ಅದಕ್ಕಾಗಿ ಕೆಲವು ವಾರಗಳ ಕಾಲ ಮನಸ್ಸಿನಲ್ಲಿ ಮರುಗಿ ಮೌನವಾಗಿದ್ದನೆಂದು ತನ್ನ ದಿನಚರಿಯಲ್ಲಿ ಬರೆದಿರುವನು. ಇಷ್ಟು ಎಚ್ಚರದಿಂದ ನಾಲಗೆಯನ್ನು ತೂಗಿದ ಈ ಮನುಷ್ಯನು ಮುಂದೆ ಯಾವ ಮಾತಿಗೆ ಅದನ್ನು ಬಳಸಿದನು? ಆಗ ಅವನ ಮತಬಾಂಧವರಲ್ಲಿಯೇ ಅನೇಕರು ನೀಗ್ರೋ ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ವುಲ್ಮನನು ಮನೆಮನೆಗೆ ಹೋಗಿ, ಒಡೆಯರನ್ನು ಬಹಿರಂಗದಲ್ಲಿ ಅವಮಾನಗೊಳಿಸದೆ, ಏಕಾಂತದಲ್ಲಿ ಅವರ ಅಂತಃಕರಣವನ್ನು ಎಚ್ಚರಿಸಿದನು. 1758ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಮಹಾಸಭೆಯಲ್ಲಿ ಈ ಪ್ರಶ್ನೆ ಬಂದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಎದ್ದು ನೊಂದವರ ಪರವಾಗಿ ಮಾತನಾಡಿದನು. ಒಡೆಯರನ್ನು ಕಂಡು ಮಾತನಾಡಲು ಸಭೆಯು ಕೆಲವರನ್ನು ನೇಮಿಸಿತು. ಅವನು 1772ರಲ್ಲಿ ತೀರಿಕೊಂಡನು. 1776ರಲ್ಲಿ ಆ ಮಹಾಸಭೆಯು ತನ್ನ ಸದಸ್ಯರಾರೂ ಗುಲಾಮರನ್ನು ಇಟ್ಟುಕೊಳ್ಳಲಾಗದೆಂದು ವಿಧಿಸಿತು. ಮೌನದಲ್ಲಿ ಹದವಾದ ಮಾತಿಗೆ ಇಂತಹ ಶಕ್ತಿ ಬರುವುದು.

ಇತ್ತೀಚಿನ ಕಾಲದಲ್ಲಿ ಈ ಎರಡನ್ನೂ ಒಂದೇ ಸಾಧನೆಯೆಂದು ತಿಳಿಸಿಕೊಟ್ಟವನು ಜರ್ಮನಿಯ ಡೀಟ್ರಿಖ್ ಬೋನ್‌ಹೋಫರನು. ಹಿಟ್ಲರನ ಆಳಿಕೆಯಲ್ಲಿ, 1935ರಿಂದ 1937ರವರೆಗೆ, ಈತನು ಫಿಂಕನ್‌ವಾಲ್ಡೆ ಎಂಬಲ್ಲಿ ತರುಣ ಪಾದ್ರಿಗಳ ಒಂದು ಗುರುಕುಲವನ್ನು ನಡೆಯಿಸಿದನು. ಅಲ್ಲಿ ಪ್ರತಿದಿನ ಬೆಳಗ್ಗೆ ಅರ್ಧಘಂಟೆ ಮೌನಧ್ಯಾನವಿತ್ತು. ವಿದ್ಯಾರ್ಥಿಗಳು ಇದಕ್ಕಾಗಿ ಮೊದಮೊದಲು ಗೊಣಗಿದರು. ಇನ್ನೊಂದು ನಿಯಮವೂ ಇತ್ತು: ಎದುರಿಗಿಲ್ಲದ ಸಹೋದರನ ವಿಷಯದಲ್ಲಿ ಯಾರೂ ಮಾತನಾಡಲಾಗದು, ಆಡಿದರೆ ಅದನ್ನು ಅವನಿಗೇ ಹೋಗಿ ತಿಳಿಸಬೇಕು. ಉಪನ್ಯಾಸಗಳಿಗಿಂತ ಈ ಸಣ್ಣ ನಿಯಮದಿಂದಲೇ ತಾವು ಹೆಚ್ಚು ಕಲಿತೆವೆಂದು ಶಿಷ್ಯರು ಮುಂದೆ ಸ್ಮರಿಸಿದರು. ಸರಕಾರದ ಗುಪ್ತಪೋಲೀಸರು ಆ ಗುರುಕುಲವನ್ನು ಮುಚ್ಚಿಸಿದ ಮೇಲೆ, 1939ರಲ್ಲಿ ಪ್ರಕಟವಾದ ಒಂದು ಚಿಕ್ಕ ಗ್ರಂಥದಲ್ಲಿ ಬೋನ್‌ಹೋಫರನು ಅಲ್ಲಿಯ ಅನುಭವವನ್ನು ಬರೆದಿಟ್ಟನು. ಒಬ್ಬಂಟಿಯಾಗಿ ಇರಲಾರದವನು ಸಂಘಕ್ಕೆ ಅಪಾಯಕಾರಿ, ಸಂಘದಲ್ಲಿ ಇರಲಾರದವನಿಗೆ ಏಕಾಂತವು ಅಪಾಯಕಾರಿ ಎಂಬುದು ಅದರ ತಿರುಳು. ಇನ್ನೂ ಒಂದು ಸೂಕ್ಷ್ಮವನ್ನು ಅವನು ಹೇಳುವನು. ಮನುಷ್ಯನು ಕುಗ್ಗಿದಾಗ ತನ್ನ ಹೃದಯದಲ್ಲಿರುವ ದೈವವಿಶ್ವಾಸವು ತನಗೇ ಸಾಲದೆ ಬರುವುದು. ಆಗ ಅದೇ ಸತ್ಯವನ್ನು ಸಹೋದರನ ಬಾಯಿಂದ ಕೇಳಬೇಕಾಗುವುದು. ನನಗೆ ನಾನೇ ಹೇಳಿಕೊಂಡ ಧೈರ್ಯಕ್ಕಿಂತ ನೀವು ನನಗೆ ಹೇಳಿದ ಧೈರ್ಯವು ಗಟ್ಟಿಯಾದುದು. ಭಗವಂತನು ಮನುಷ್ಯರನ್ನು ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡಿರುವುದು ಇದಕ್ಕಾಗಿಯೇ.

ಯೆಹೂದ್ಯರ ಮೇಲೆ ಹಿಂಸೆ ಆರಂಭವಾದ 1933ರಲ್ಲಿಯೇ, ಸಭೆಯು ಸುಮ್ಮನಿರಲಾಗದು, ಪೀಡಿತರ ಪಕ್ಷವಾಗಿ ನಿಲ್ಲಬೇಕು ಎಂದು ಇದೇ ಬೋನ್‌ಹೋಫರನು ವಾದಿಸಿದನು. 1943ರಲ್ಲಿ ಸೆರೆಯಾದನು. 1945ರ ಏಪ್ರಿಲ್ 9ರಂದು ಫ್ಲೋಸನ್‌ಬ್ಯುರ್ಗಿನ ಬಂದೀಶಿಬಿರದಲ್ಲಿ ಗಲ್ಲಿಗೇರಿದನು. ಆಗ ಅವನಿಗೆ 39 ವರ್ಷ. ಮೌನಧ್ಯಾನವನ್ನು ಕಲಿಸಿದವನೇ, ಮೌನವು ಯಾವಾಗ ಪಾಪವಾಗುವುದೆಂಬುದನ್ನು ಪ್ರಾಣಕೊಟ್ಟು ತಿಳಿಸಿದನು.

ಇದುವರೆಗೆ ಹೇಳಿದ ದೃಷ್ಟಾಂತಗಳಿಂದ ಮೂರು ವಿಧದ ಮೌನಾಭಾಸಗಳನ್ನು ನಾವು ವಿವೇಚಿಸಬಹುದು. ಮನಸ್ಸಿನಲ್ಲಿ ದೋಷವನ್ನು ಎಣಿಸುತ್ತ ಬಾಯಿ ಮುಚ್ಚಿರುವುದು ಒಂದು. ಇದು ಮೌನವಲ್ಲ, ಮುನಿಸು. ಅನ್ಯಾಯವನ್ನು ಕಂಡು ಭಯದಿಂದ ಬಾಯಿ ಮುಚ್ಚುವುದು ಇನ್ನೊಂದು. ಇದು ಮೌನವಲ್ಲ, ಹೇಡಿತನ. ಮೂರನೆಯದು ಇವೆರಡಕ್ಕಿಂತ ಹೆಚ್ಚು ಗೂಢವಾದುದು. ಅದೆಂದರೆ ಪರರ ಗುಣವನ್ನು ಕಂಡೂ ಹೇಳದಿರುವುದು. ಇದಕ್ಕೆ ಜನರು ಗಾಂಭೀರ್ಯವೆಂದು ಹೆಸರಿಡುವರು. ನಿಜವಾಗಿ ನೋಡಿದರೆ ಇದು ಲೋಭ. ಧೈರ್ಯವಚನಕ್ಕೂ ಒಂದು ಆಭಾಸವುಂಟು; ಅದು ಮುಖಸ್ತುತಿ. ಹೇಳುವವನಿಗೆ ಲಾಭವಾದರೆ ಮುಖಸ್ತುತಿ, ಕೇಳುವವನಿಗೆ ಬಲವಾದರೆ ಧೈರ್ಯವಚನ. ಇವೆರಡನ್ನೂ ಬೇರ್ಪಡಿಸಿ ತಿಳಿಯುವ ಕಣ್ಣು ಮೌನದಿಂದಲೇ ಬರತಕ್ಕದ್ದು.

ಮೂರನೆಯ ಆಭಾಸವನ್ನು ಕುರಿತು ನಮ್ಮಂಥ ಅಧ್ಯಾಪಕರು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ನಮ್ಮ ಹಳೆಯ ಪಾಠಶಾಲೆಗಳ ಪದ್ಧತಿಯೇನು? ಹುಡುಗನು ತಪ್ಪು ಒಪ್ಪಿಸಿದರೆ ಗುರುವಿನ ಬಾಯಿಂದ ಮಾತು ಬರುವುದು. ಸರಿಯಾಗಿ ಒಪ್ಪಿಸಿದರೆ ಗುರು ಸುಮ್ಮನೆ ಮುಂದಿನ ಹುಡುಗನ ಕಡೆಗೆ ತಿರುಗುವನು. ಹಲವು ವರ್ಷಗಳ ಹಿಂದೆ ಒಂದು ಪಾಠಶಾಲೆಯಲ್ಲಿ ಬಡವರ ಮನೆಯ ಬಾಲಕನೊಬ್ಬನಿದ್ದನು. ಅಮರಕೋಶದ ಮೊದಲ ಕಾಂಡವನ್ನು ಒಂದು ಮಳೆಗಾಲದಲ್ಲಿಯೇ ಬಾಯಿಪಾಠ ಮಾಡಿದ್ದನು. ತಪ್ಪಾದ ದಿನಗಳಲ್ಲಿ ಬೈಗುಳನ್ನು ಕೇಳಿದನು. ತಪ್ಪಾಗದ ದಿನಗಳಲ್ಲಿ ಏನನ್ನೂ ಕೇಳಲಿಲ್ಲ. ತನಗೆ ವಿದ್ಯೆ ಹತ್ತುವುದಿಲ್ಲವೆಂದು ನಿಶ್ಚಯಿಸಿಕೊಂಡು ಒಂದು ಬೆಳಗ್ಗೆ ಹಾಸಿಗೆ ಸುತ್ತಿಟ್ಟು ಊರಿಗೆ ಹೊರಟುಹೋದನು. ಅವನೇ ಆ ವರ್ಷದ ಹುಡುಗರಲ್ಲಿ ಮೊದಲಿಗನೆಂದು ಅಧ್ಯಾಪಕರೆಲ್ಲರೂ ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಿದ್ದರು. ಆ ಮಾತು ಅವನೊಬ್ಬನಿಗೆ ತಿಳಿಯಲಿಲ್ಲ. ಮರಳಿ ಕರೆತರಲು ಆಳು ಹೋಗುವಷ್ಟರಲ್ಲಿ ಅವನು ಸೋದರಮಾವನ ಅಂಗಡಿಗೆ ಸೇರಿಬಿಟ್ಟಿದ್ದನು. ಒಂದು ಮಾತಿನ ಬೆಲೆ ಎಷ್ಟೆಂದು ಕೇಳುವವರಿಗೆ ಇದು ಲೆಕ್ಕ.

ನಮ್ಮ ಧರ್ಮಕ್ಕೆ ಇವು ಹೊರಗಿನ ಸಾಮಗ್ರಿಗಳೆಂದು ಯಾರೂ ಭಾವಿಸಬಾರದು. 12ನೆಯ ಶತಮಾನದ ಶರಣರು ಬಯಲನ್ನೂ ನಿಶ್ಶಬ್ದವನ್ನೂ ಕುರಿತು ಎಷ್ಟು ಆಳವಾಗಿ ಅನುಭವಿಸಿದರೋ ಅಷ್ಟೇ ಆದರದಿಂದ ಒಬ್ಬರ ಅನುಭವವನ್ನೊಬ್ಬರು ಮಾತಿನಲ್ಲಿ ಹಂಚಿಕೊಂಡರು. ವಚನವೆಂಬ ಹೆಸರೇ ಮಾತು ಎಂದು ಅರ್ಥಕೊಡುವುದು. ಬೀದಿ ಗುಡಿಸುವವನ ಮಾತೂ ಮಂತ್ರಿಯ ಮಾತೂ ಒಂದೇ ಗೋಷ್ಠಿಯಲ್ಲಿ ಸಮನಾಗಿ ಸಂದುವು. ಮಾತನಾಡಲು ಧೈರ್ಯವಿಲ್ಲದಿದ್ದವರಿಗೆ ಧೈರ್ಯ ಕೊಟ್ಟುದೇ ಆ ಕಾಲದ ಮಹತ್ಕಾರ್ಯ. ಕ್ರೈಸ್ತಸಾಧಕರ ಕ್ರಮವನ್ನು ನೋಡಿದಾಗ ನಮಗೆ ನಮ್ಮ ಮನೆಯ ದೀಪವೇ ಇನ್ನೊಂದು ಕನ್ನಡಿಯಲ್ಲಿ ಕಾಣುವುದು.

ನಮ್ಮ ಮಠದಲ್ಲಿ ಅನ್ನದಾಸೋಹವುಂಟು, ಜ್ಞಾನದಾಸೋಹವುಂಟು. ಇವುಗಳ ಸಂಗಡ ನುಡಿದಾಸೋಹವೂ ನಡೆಯಲೆಂದು ಈ ಶುಭಸಮಯದಲ್ಲಿ ಪ್ರಾರ್ಥಿಸುತ್ತೇನೆ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಪ್ರಾತಃಕಾಲದ ಪೂಜೆಯ ಅನಂತರ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕುಳಿತುಕೊಳ್ಳೋಣ. ಆ ದಿನ ನಮ್ಮ ಸುತ್ತ ಯಾರು ಕುಗ್ಗಿರುವರೆಂದು ಮನನ ಮಾಡೋಣ. ಎದುರಿಗಿಲ್ಲದವರ ಮಾತನ್ನು ಎತ್ತದಿರೋಣ. ಸೂರ್ಯ ಮುಳುಗುವುದರೊಳಗಾಗಿ ಒಬ್ಬ ವಿದ್ಯಾರ್ಥಿಗೋ, ಅಡಿಗೆಯ ಆಳಿಗೋ, ಮನೆಯ ಸೊಸೆಗೋ, ನೋವಿನಲ್ಲಿರುವ ನೆರೆಯವರಿಗೋ ಸತ್ಯವಾದ ಒಂದು ಒಳ್ಳೆಯ ಮಾತನ್ನು ತಲಪಿಸೋಣ. ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಹಾಸಿಗೆಯವನು ನಾಳೆ ಬೆಳಗ್ಗೆ ಏಳಲು ತಡಮಾಡಿದರೆ ಅವನ ಹೆಸರನ್ನು ಗುರುಗಳಿಗೆ ಹೇಳಬೇಡಿರಿ. ಅವನ ಕಿವಿಯಲ್ಲಿ ಹೇಳಿರಿ. ಅಧ್ಯಾಪಕ ಮಿತ್ರರೇ, ಸರಿಯಾಗಿ ಒಪ್ಪಿಸಿದ ಹುಡುಗನನ್ನು ದಾಟಿ ಹೋಗುವುದಕ್ಕೆ ಮುಂಚೆ ಒಂದು ಕ್ಷಣ ನಿಂತು ಸರಿಯಾಯಿತೆಂದು ಅವನಿಗೆ ಹೇಳೋಣ. ಇಷ್ಟಾದರೆ ಸಾಕು, ಈ ಮಹೋತ್ಸವವು ಸಾರ್ಥಕವಾಯಿತು.